ಒಂದು ಕೇಬಲ್, ಎರಡು ಡಿಸ್ಕ್: ಯಾರು ಒಡೆಯ, ಯಾರು ಆಳು?

ನಿಮ್ಮ ಕಾಲೇಜಿನ ಪ್ರಯೋಗಾಲಯದ ಮೂಲೆಯಲ್ಲಿ ಹಳೆಯ ಗಣಕಯಂತ್ರವೊಂದು ಧೂಳು ಹಿಡಿದು ಕೂತಿದ್ದರೆ, ಅಧ್ಯಾಪಕರ ಅನುಮತಿ ಪಡೆದು, ವಿದ್ಯುತ್ ಸಂಪರ್ಕ ಕಳಚಿ, ಅದರ ಮುಚ್ಚಳ ತೆಗೆದು ನೋಡಿ. ಎರಡು ಅಂಗುಲ ಅಗಲದ ಚಪ್ಪಟೆ ಕೇಬಲೊಂದು ಹಾರ್ಡ್ ಡಿಸ್ಕಿಗೆ ಹೋಗಿರುತ್ತದೆ. ಅದು ಸಿಕ್ಕಿಕೊಂಡಿರುವ ಜಾಗದ ಪಕ್ಕದಲ್ಲೇ ಕೆಲವು ಪುಟ್ಟ ಪಿನ್ನುಗಳು; ಅವುಗಳಲ್ಲಿ ಎರಡನ್ನು ಬೆಸೆಯುವ, ಅಕ್ಕಿಕಾಳಿಗಿಂತ ತುಸು ದಪ್ಪನೆಯ ಜಂಪರ್. ಡಿಸ್ಕಿನ ಮೇಲಿನ ಚೀಟಿಯಲ್ಲಿ 'ಮಾಸ್ಟರ್', 'ಸ್ಲೇವ್' ಎಂದು ಅಚ್ಚಾಗಿರುತ್ತದೆ. ಅಂದರೆ ಒಡೆಯ, ಗುಲಾಮ! ಲೋಹದ ಪೆಟ್ಟಿಗೆಗಳಿಗೆ ಈ ಪದವಿ ಬಂದದ್ದು ಹೇಗೆ?

1984ರಲ್ಲಿ ಐಬಿಎಂ ಕಂಪನಿಯ ಪಿಸಿ ಎಟಿ ಗಣಕ ಬಂದಾಗ ಡಿಸ್ಕನ್ನು ನಡೆಸುವ ನಿಯಂತ್ರಕ ಬೇರೆಯೇ ಒಂದು ಕಾರ್ಡಿನಲ್ಲಿತ್ತು. ಆ ಒಂದು ಕಾರ್ಡು ಎರಡು ಡಿಸ್ಕುಗಳನ್ನು ನೋಡಿಕೊಳ್ಳುತ್ತಿತ್ತು. 1986ರ ಸುಮಾರಿಗೆ ಕಾಂಪ್ಯಾಕ್, ವೆಸ್ಟರ್ನ್ ಡಿಜಿಟಲ್ ಮೊದಲಾದ ಕಂಪನಿಗಳು ನಿಯಂತ್ರಕವನ್ನು ಡಿಸ್ಕಿನ ಮೈಮೇಲೆಯೇ ಕೂರಿಸಿದವು. ಇದೇ ಐಡಿಇ ವಿಧಾನ. ಆದರೆ ಆಗಲೇ ಬಳಕೆಯಲ್ಲಿದ್ದ ತಂತ್ರಾಂಶಗಳು ಹಳೆಯ ಕಾರ್ಡಿನ ವಿಳಾಸವನ್ನೇ ಹುಡುಕಿಕೊಂಡು ಬರುತ್ತಿದ್ದವು. ಎರಡು ಡಿಸ್ಕು ಜೋಡಿಸಿದರೆ ಈಗ ನಿಯಂತ್ರಕಗಳೂ ಎರಡು, ವಿಳಾಸ ಮಾತ್ರ ಒಂದೇ. ಒಂದೇ ಮನೆ ನಂಬರಿನಲ್ಲಿ ಇಬ್ಬರು ಬಾಡಿಗೆದಾರರಿದ್ದ ಹಾಗೆ!

ಹೀಗಾಗಿ ಗಣಕ ಕೂಗಿದ್ದು ಎರಡಕ್ಕೂ ಕೇಳಿಸುತ್ತದೆ. ಕೂಗಿದ್ದು ಯಾರನ್ನು ಎಂಬುದನ್ನು ತಿಳಿಸುವುದು ಒಂದೇ ಒಂದು ಬಿಟ್: 0 ಅಥವಾ 1. 'ನಿನ್ನ ಸಂಖ್ಯೆ ಇದು' ಎಂದು ಡಿಸ್ಕಿಗೆ ಹೇಳಿಕೊಡುವುದೇ ಜಂಪರಿನ ಕೆಲಸ. ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟರೆ ಎರಡೂ ಒಟ್ಟಿಗೆ ಉತ್ತರಿಸಹೊರಟು, ಗಣಕಕ್ಕೆ ಯಾವುದೂ ಸರಿಯಾಗಿ ಕಾಣದೆ ಹೋಗಬಹುದು.

ಈಗ ಗಮನಿಸಿ. ಇಲ್ಲಿ ಒಡೆತನ ಎಲ್ಲಿದೆ? ಯಂತ್ರ ಚಾಲೂ ಆಗುವಾಗ ಎರಡನೆಯ ಡಿಸ್ಕು ತನ್ನ ಸ್ವಪರೀಕ್ಷೆ ಮುಗಿಯಿತೆಂದು ಒಂದು ತಂತಿಯ ಮೂಲಕ ಮೊದಲನೆಯದಕ್ಕೆ ತಿಳಿಸುತ್ತದೆ, ಅಷ್ಟೆ. ಆಮೇಲೆ ಎರಡಕ್ಕೂ ಅಪ್ಪಣೆ ಬರುವುದು ಗಣಕದಿಂದಲೇ. 'ಒಡೆಯ' ಡಿಸ್ಕು 'ಗುಲಾಮ'ನಿಗೆ ಓದೆಂದೂ ಬರೆಯೆಂದೂ ಹೇಳುವುದಿಲ್ಲ; ಹೆಚ್ಚು ವೇಗವಾಗಿಯೂ ಓಡುವುದಿಲ್ಲ. ಮಾನದಂಡ ರೂಪಿಸಿದ ಎಂಜಿನಿಯರುಗಳಿಗೆ ಇದು ಗೊತ್ತಿತ್ತು. ಅವರ ದಾಖಲೆಗಳಲ್ಲಿ 'ಡಿವೈಸ್ 0', 'ಡಿವೈಸ್ 1' ಎಂದೇ ಇದೆ. ಅಂಗಡಿಯ ಮಾತಿನಲ್ಲಿ ಉಳಿದದ್ದು ಮಾತ್ರ ಇನ್ನೊಂದು ಜೋಡಿ.

ಆ ಜೋಡಿಪದ ಗಣಕಕ್ಕಿಂತ ಹಳೆಯದು. ತಂತ್ರಜ್ಞಾನದ ಬರಹಗಳಲ್ಲಿ ಅದರ ಜಾಡು ಹಿಡಿದ ರಾನ್ ಎಗ್ಲಾಶ್ ಎಂಬ ವಿದ್ವಾಂಸರು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ ನಮ್ಮನ್ನು 1904ಕ್ಕೆ, ದಕ್ಷಿಣ ಆಫ್ರಿಕದ ಕೇಪ್ ವೀಕ್ಷಣಾಲಯಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಖಗೋಳಜ್ಞ ಡೇವಿಡ್ ಗಿಲ್ ತಮ್ಮ ಗಡಿಯಾರಗಳ ಏರ್ಪಾಡನ್ನು ಈ ಪದಗಳಲ್ಲಿ ವರ್ಣಿಸಿದ್ದರು. ಒಂದು ಗಡಿಯಾರ ಇನ್ನೊಂದನ್ನು ಅನುಸರಿಸುತ್ತಿದ್ದುದರಿಂದ ಅಲ್ಲಿ ಹೋಲಿಕೆಗೆ ಅರ್ಥವಾದರೂ ಇತ್ತು. ಆದರೆ ಅದೇ ಕೇಪ್ ನಾಡಿನಲ್ಲಿ 1834ರವರೆಗೂ ಮನುಷ್ಯರನ್ನು ಗುಲಾಮರಾಗಿ ಇಟ್ಟುಕೊಳ್ಳುವುದು ಕಾನೂನುಬದ್ಧವಾಗಿತ್ತು ಎಂಬುದನ್ನು ಮರೆಯುವುದು ಹೇಗೆ?

ಮುಂದಿನ ಘಟನೆ ನಮ್ಮ ದೂರದರ್ಶನದ ಕಸುಬಿಗೂ ಹತ್ತಿರದ್ದು. 2003ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯ ಉದ್ಯೋಗಿಯೊಬ್ಬರು ವಿಡಿಯೊ ಟೇಪ್ ಯಂತ್ರದ ಮೇಲೆ ಈ ಎರಡು ಪದಗಳನ್ನು ಕಂಡು ದೂರು ಕೊಟ್ಟರು. ಇಂಥ ಚೀಟಿಗಳನ್ನು ತಪ್ಪಿಸಿ ಎಂದು ಕೌಂಟಿ ಆಡಳಿತ ಸಾಮಗ್ರಿ ಪೂರೈಸುವವರನ್ನು ಕೇಳಿಕೊಂಡಿತು. ಹಲವರು ನಕ್ಕರು. ನಗುವ ಮುನ್ನ ಆ ಚೀಟಿಯನ್ನು ಕನ್ನಡದಲ್ಲಿ ಓದಿ ನೋಡಿ: 'ಧಣಿ', 'ಜೀತದಾಳು'. ಜೀತವನ್ನು ರದ್ದುಮಾಡುವ ಕಾನೂನು ನಮ್ಮ ದೇಶದಲ್ಲಿ ಬಂದದ್ದು 1976ರಲ್ಲಿ. ಜೀತ ಮಾಡಿದವರ ಮೊಮ್ಮಕ್ಕಳು ಇಂದು ಗಣಕ ಕಲಿಯುವ ತರಗತಿಗಳಲ್ಲಿದ್ದಾರೆ. ಪರಭಾಷೆಯಲ್ಲಿದ್ದಾಗ ತಾಗದ ಪದ ನಮ್ಮ ಮಾತಿನಲ್ಲಿ ಎಷ್ಟು ಬೇಗ ತಾಗುತ್ತದೆ, ಅಲ್ಲವೇ?

ಡಿಸ್ಕುಗಳ ಮಟ್ಟಿಗೆ ಈ ವಾದವನ್ನು ಮುಗಿಸಿದ್ದು ಹೊಸ ತಂತ್ರ. ಅದೇ 2003ರಲ್ಲಿ ಸೀರಿಯಲ್ ಎಟಿಎ ಮಾನದಂಡ ಹೊರಬಂತು. ಒಂದು ಡಿಸ್ಕಿಗೆ ಒಂದು ಕೇಬಲ್, ಅದರಲ್ಲಿ ಏಳೇ ತಂತಿ. ವಿಳಾಸ ಹಂಚಿಕೊಳ್ಳುವ ಪ್ರಮೇಯವೇ ಇಲ್ಲವಾದ್ದರಿಂದ ಆ ಜಂಪರೂ ಬೇಡವಾಯಿತು.

ಹಳೆಯ ಡಿಸ್ಕಿನಿಂದ ಕಡತಗಳನ್ನು ಉಳಿಸಿಕೊಳ್ಳಬೇಕಾದವರಿಗೆ ಒಂದು ಮಾತು. ಜಂಪರ್ ಇಡುವ ಜಾಗ ಕಂಪನಿಯಿಂದ ಕಂಪನಿಗೆ ಬೇರೆ. ಅದನ್ನು ಕೀಳುವ ಮೊದಲು ಎಲ್ಲಿತ್ತೆಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ.