ಸುಟ್ಟ ಊರಿನ ನಕಲು ಪ್ರತಿ

ಕಳೆದ ಮಳೆಗಾಲದಲ್ಲಿ ನನ್ನ ಲ್ಯಾಪ್‌ಟಾಪ್ ನೀರಿನಲ್ಲಿ ನೆನೆದು ಕೆಟ್ಟುಹೋಯಿತು. ಬ್ಯಾಕಪ್ ಇಟ್ಟಿರಲಿಲ್ಲವೇ ಎಂದು ಎಲ್ಲರೂ ಕೇಳಿದರು. ಇಟ್ಟಿದ್ದೆ. ಎರಡು ವರ್ಷದ ಟಿಪ್ಪಣಿಗಳೆಲ್ಲ ಒಂದು ಹಾರ್ಡ್ ಡಿಸ್ಕಿನಲ್ಲಿದ್ದವು. ಆ ಹಾರ್ಡ್ ಡಿಸ್ಕ್ ಅದೇ ಬ್ಯಾಗಿನಲ್ಲಿತ್ತು. ಭೂದಾಖಲೆಗಳ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವವಳಿಗೆ ಇಷ್ಟು ತಿಳಿದಿರಬೇಕಿತ್ತು. ಆ ವಾರ ಬೇರೆ ಕೆಲಸಕ್ಕೆ ಮನಸ್ಸಾಗದೆ, ಒದ್ದೆ ಪುಸ್ತಕಗಳನ್ನು ಫ್ಯಾನಿನ ಕೆಳಗೆ ಹರಡಿಕೊಂಡು, 1871ರ ಷಿಕಾಗೋ ಬೆಂಕಿಯ ಬಗ್ಗೆ ಓದುತ್ತ ಕೂತೆ. ನೀರಿನಲ್ಲಿ ಕಳೆದುಕೊಂಡವರಿಗೆ ಬೆಂಕಿಯಲ್ಲಿ ಕಳೆದುಕೊಂಡವರ ಕತೆ ಸಮಾಧಾನ ಕೊಡುತ್ತದೆ ಎಂದು ಕಾಣುತ್ತದೆ.

ಆ ಬೆಂಕಿಯ ಬಗ್ಗೆ ಹೆಚ್ಚಿನವರು ಕೇಳಿರುವುದು ಒಂದು ಹಸುವಿನ ಕತೆ. ಓಲಿಯರಿ ಎಂಬ ಐರಿಷ್ ಕುಟುಂಬದ ಕೊಟ್ಟಿಗೆಯಲ್ಲಿ ಹಸು ಲಾಟೀನು ಒದೆಯಿತು, ಊರು ಸುಟ್ಟಿತು ಎಂದು. ಬೆಂಕಿ ಹತ್ತಿದ್ದು ಆ ಕೊಟ್ಟಿಗೆಯ ಆಸುಪಾಸಿನಲ್ಲೇ ಹೌದು; ಹಸುವಿನ ಪಾತ್ರ ಪತ್ರಿಕೆಯವರ ಸೃಷ್ಟಿ. ಅಕ್ಟೋಬರ್ 8ರ ಭಾನುವಾರ ರಾತ್ರಿ ಹೊತ್ತಿದ್ದು ಮಂಗಳವಾರದ ಹೊತ್ತಿಗೆ ಆರಿತು. ಸುಮಾರು 300 ಜನ ಸತ್ತರು. ಮೂರು ಲಕ್ಷ ಜನರ ಊರಿನಲ್ಲಿ ಒಂದು ಲಕ್ಷ ಜನ ಮನೆ ಕಳೆದುಕೊಂಡರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಕೋರ್ಟ್‌ಹೌಸ್. ಕಲ್ಲಿನ ಗೋಡೆಗಳ ದೊಡ್ಡ ಕಟ್ಟಡ. ಮೇಲಿನ ಗೋಪುರ ಮಾತ್ರ ಮರದ್ದು. ಗಾಳಿಯಲ್ಲಿ ಹಾರಿ ಬಂದ ಕೆಂಡಕ್ಕೆ ಅಷ್ಟೇ ಸಾಕಾಯಿತು. ನೆಲಮಾಳಿಗೆಯ ಜೈಲಿನಲ್ಲಿದ್ದ ಕೈದಿಗಳನ್ನು ಬಿಟ್ಟುಬಿಟ್ಟರು. ಮಧ್ಯರಾತ್ರಿ ಕಳೆದು ಎರಡು ಗಂಟೆಯ ಮೇಲೆ ಗೋಪುರದ ಭಾರೀ ಗಂಟೆ ಕೆಳಗೆ ಕುಸಿಯಿತು. ಕಟ್ಟಡದೊಳಗೆ ಇಡೀ ಕುಕ್ ಕೌಂಟಿಯ ಕ್ರಯಪತ್ರ, ಅಡಮಾನ, ಉಯಿಲು, ನ್ಯಾಯಾಲಯದ ತೀರ್ಪುಗಳ ದಾಖಲೆ ಪುಸ್ತಕಗಳಿದ್ದವು. ಬೆಳಗಾಗುವಷ್ಟರಲ್ಲಿ, ಯಾವ ನೆಲ ಯಾರದು ಎಂದು ಹೇಳಬಲ್ಲ ಒಂದು ಸರ್ಕಾರಿ ಪುಟವೂ ಉಳಿದಿರಲಿಲ್ಲ.

ಮನೆ ಸುಟ್ಟರೆ ನೆಲವಾದರೂ ಉಳಿಯುತ್ತದಲ್ಲ ಎನ್ನುತ್ತೇವೆ. ಇಲ್ಲಿ ನೆಲ ಉಳಿದಿತ್ತು, ಅದು ತನ್ನದು ಎಂಬುದಕ್ಕೆ ಪುರಾವೆ ಉಳಿದಿರಲಿಲ್ಲ. ಸಾಲ ಎತ್ತಿ ಮತ್ತೆ ಕಟ್ಟೋಣವೆಂದರೆ ಬ್ಯಾಂಕಿಗೆ ಪತ್ರ ಬೇಕು. ಕರ್‌ಫೂಟ್ ಎಂಬ ಜಮೀನು ವ್ಯಾಪಾರಿ ಬೂದಿ ಆರುವ ಮೊದಲೇ ಹಲಗೆಯ ಗುಡಿಸಲು ನಿಲ್ಲಿಸಿ, ಹೆಂಡತಿ, ಮಕ್ಕಳು ಮತ್ತು ಹುರುಪು ಬಿಟ್ಟು ಉಳಿದದ್ದೆಲ್ಲ ಹೋಯಿತು ಎಂದು ಬೋರ್ಡು ಬರೆಸಿದ್ದು ಆ ಊರಿನಲ್ಲಿ ಇಂದಿಗೂ ಹೆಮ್ಮೆಯ ಮಾತು. ಆದರೆ ಹುರುಪಿನಿಂದ ಸೈಟು ಮಾರಲಾಗುವುದಿಲ್ಲ.

ಊರನ್ನು ಕಾಪಾಡಿದ್ದು ಮೂರು ಖಾಸಗಿ ಅಂಗಡಿಗಳು. ಅಂಗಡಿ ಎಂದದ್ದು ಬೇಕೆಂದೇ. ಅವರದು ಶುದ್ಧ ವ್ಯಾಪಾರ. ನಮ್ಮಲ್ಲಿ ಸೈಟು ಕೊಳ್ಳುವವರು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. ತೆಗೆಸುತ್ತಾರಲ್ಲ, ಹಾಗೆ ಅಲ್ಲಿ ಜಮೀನಿನ ಪೂರ್ವಾಪರವನ್ನು ಹುಡುಕಿ ಬರೆದುಕೊಡುವುದು ಖಾಸಗಿಯವರ ಕಸುಬು. ಸರ್ಕಾರದ ಸೂಚಿ ಮಾರಿದವರ ಮತ್ತು ಕೊಂಡವರ ಹೆಸರಿನ ಪ್ರಕಾರ ಇರುತ್ತಿತ್ತು. ಒಂದು ನಿವೇಶನದ ಕತೆ ಬೇಕೆಂದರೆ ಹೆಸರಿನಿಂದ ಹೆಸರಿಗೆ ಹಿಂದೆ ಹಿಂದೆ ಹೋಗಬೇಕು. 1847ರಲ್ಲಿ ಎಡ್ವರ್ಡ್ ರಕ್ಕರ್ ಎಂಬ ವಕೀಲ, ಹೆಸರಿನ ಬದಲು ನೆಲದ ತುಂಡಿಗೊಂದು ಪುಟ ಕೊಟ್ಟು ಬರೆಯುವ ಪದ್ಧತಿ ತಂದ. ಆಮೇಲೆ ಈ ಸಂಸ್ಥೆಗಳ ಗುಮಾಸ್ತರು ಕೋರ್ಟ್‌ಹೌಸಿನಲ್ಲಿ ದಾಖಲಾದ ಪತ್ರಗಳ ಸಾರಾಂಶವನ್ನು ತಮ್ಮ ಪುಸ್ತಕಗಳಿಗೆ ಇಳಿಸಿಕೊಳ್ಳುತ್ತಿದ್ದರು. ಊರು ಸುಟ್ಟೀತು ಎಂಬ ದೂರದೃಷ್ಟಿಯಿಂದ ಅಲ್ಲ. ಗಿರಾಕಿ ಬಂದಾಗ ಬೇಗ ಉತ್ತರ ಕೊಡಲು. ತನಗೇ ಗೊತ್ತಿಲ್ಲದೆ ಒಂದು ನಗರ ಹೀಗೆ ತನ್ನ ನಕಲು ಪ್ರತಿ ಮಾಡಿಸಿಟ್ಟುಕೊಂಡಿತ್ತು.

ತೊಡಕೆಂದರೆ, ಕೆಲಸದ ಅನುಕೂಲಕ್ಕೆ ಆ ನಕಲುಗಳೂ ಕೋರ್ಟ್‌ಹೌಸಿನ ಆಸುಪಾಸಿನಲ್ಲೇ ಇದ್ದವು. ಅಂದರೆ, ಅದೇ ಬ್ಯಾಗಿನಲ್ಲಿ.

ಶಾರ್ಟಲ್ ಅಂಡ್ ಹೋರ್ಡ್ ಸಂಸ್ಥೆಯ ಜಾನ್ ಶಾರ್ಟಲ್ ಆ ರಾತ್ರಿ ಕಚೇರಿಗೆ ಓಡಿದ. ಬೀದಿಯಲ್ಲಿ ಗಾಡಿಗಳಿಗೆ ಬರ. ಸಿಕ್ಕವರು ಬಾಯಿಗೆ ಬಂದ ಬಾಡಿಗೆ ಕೇಳುತ್ತಿದ್ದರು, ಇಲ್ಲವೇ ನಿಲ್ಲಿಸದೆ ಹೋಗುತ್ತಿದ್ದರು. ಕೊನೆಗೆ ಸ್ನೇಹಿತನೊಬ್ಬನ ಪಿಸ್ತೂಲಿನ ಬಲದಿಂದ ಒಂದು ಗಾಡಿಯನ್ನು ತಡೆದು ನಿಲ್ಲಿಸಿ ಪುಸ್ತಕಗಳನ್ನು ಹೇರಿದರು. ಈ ಶಾರ್ಟಲ್ ಪ್ರಾಣಿದಯಾ ಸಂಘದ ಕೆಲಸಕ್ಕೆ ಹೆಸರಾದವನು, ಅದರ ಅಧ್ಯಕ್ಷನೂ ಆದವನು. ಆ ಗಾಡಿಯ ಕುದುರೆಗೆ ಅಂದು ಎಷ್ಟು ಭಾರ ಬಿತ್ತೋ ಎಂದು ನನಗೆ ಸುಮ್ಮನೆ ಅನ್ನಿಸಿತು. ಚೇಸ್ ಬ್ರದರ್ಸ್ ಮತ್ತು ಜೋನ್ಸ್ ಅಂಡ್ ಸೆಲ್ಲರ್ಸ್ ಕೂಡ ಕೈಗೆ ಸಿಕ್ಕಷ್ಟನ್ನು ಹೊರಗೆ ಸಾಗಿಸಿದರು. ಒಬ್ಬೊಬ್ಬರ ಬಳಿ ಉಳಿದದ್ದೂ ಅರೆಬರೆ. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿತ್ತು. ಮೂರನ್ನೂ ಜೋಡಿಸಿದಾಗ ಊರಿನ ನೆಲದ ಚರಿತ್ರೆ ಮತ್ತೆ ಓದುವಂತಾಯಿತು.

ಬೆಂಕಿ ತಡೆಯುತ್ತದೆಂದು ಕಟ್ಟಿಸಿದ್ದ ಷಿಕಾಗೋ ಹಿಸ್ಟಾರಿಕಲ್ ಸೊಸೈಟಿಯ ಕಟ್ಟಡವೂ ಅದೇ ಬೆಂಕಿಯಲ್ಲಿ ಹೋಯಿತು. ಗುಲಾಮರ ಬಿಡುಗಡೆಯ ಘೋಷಣೆಯನ್ನು ಲಿಂಕನ್ ತನ್ನ ಕೈಯಾರೆ ಬರೆದಿದ್ದ ಪ್ರತಿ ಅಲ್ಲಿತ್ತು. ಮೂಲ ಬೂದಿಯಾಯಿತು. ಯುದ್ಧದ ಗಾಯಾಳುಗಳಿಗೆ ಹಣ ಕೂಡಿಸಲೆಂದು ಅದರ ಕಲ್ಲಚ್ಚಿನ ಪ್ರತಿಗಳನ್ನು ಮೊದಲೇ ಮಾರಿದ್ದರಿಂದ ಆ ಕೈಬರಹ ಹೇಗಿತ್ತೆಂದು ನಮಗಿಂದು ಗೊತ್ತಿದೆ. ಗೋಡೆ ದಪ್ಪ ಮಾಡುವುದಕ್ಕಿಂತ ಪ್ರತಿಯನ್ನು ಚೆದುರಿಸಿ ಇಡುವುದು ಮೇಲು ಎಂದು ಇಂದು ಕಂಪ್ಯೂಟರಿನವರು ಹೇಳುವ ಮಾತು ಅಲ್ಲಿ ಆಕಸ್ಮಿಕವಾಗಿ ನಿಜವಾಗಿತ್ತು.

ಇಲ್ಲಿಯವರೆಗೆ ಇದು ಜಾಣ್ಮೆ ಮತ್ತು ಅದೃಷ್ಟದ ಕತೆ. ನನಗೆ ಮುಖ್ಯವೆನಿಸುವುದು ಮುಂದಿನದು. 1872ರ ಏಪ್ರಿಲ್‌ನಲ್ಲಿ ಇಲಿನಾಯ್ ಶಾಸನಸಭೆ ಸುಟ್ಟ ದಾಖಲೆಗಳ ಕಾಯಿದೆ ಎಂದೇ ಹೆಸರಾದ ಕಾನೂನು ಮಾಡಿ, ಈ ಖಾಸಗಿ ಸಾರಾಂಶಗಳನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಒಪ್ಪಲು ದಾರಿ ಮಾಡಿತು. ನಕಲೇ ಮೂಲವಾಯಿತು. ಮೂರೂ ಸಂಸ್ಥೆಗಳು ತಮ್ಮ ಪುಸ್ತಕಗಳನ್ನು ಒಂದುಗೂಡಿಸಿದವು. ಈಗ ನಿಮ್ಮ ನೆಲ ನಿಮ್ಮದೆಂದು ತೋರಿಸಬೇಕಾದರೆ ಅವರ ಬಾಗಿಲಿಗೇ ಹೋಗಬೇಕು, ಅವರು ಕೇಳಿದಷ್ಟು ಕೊಡಬೇಕು. ಊರಿನ ಲೆಕ್ಕವೆಲ್ಲ ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿದ್ದ ಕಾಲವನ್ನು ಅಜ್ಜಿಯರ ಬಾಯಲ್ಲಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಡೆತನಕ್ಕೆ ಸರ್ಕಾರವೇ ಪ್ರಮಾಣಪತ್ರ ಕೊಡುವ, ಆಸ್ಟ್ರೇಲಿಯಾದಿಂದ ಬಂದ ಟೊರೆನ್ಸ್ ಪದ್ಧತಿಗೆ ಇಲಿನಾಯ್‌ನಲ್ಲಿ ಕಾನೂನು ಆದದ್ದು 1897ರಲ್ಲಿ. ಬೆಂಕಿ ಆರಿ ಇಪ್ಪತ್ತಾರು ವರ್ಷವಾಗಿತ್ತು.

ದತ್ತಾಂಶ ಕಾಪಾಡಬೇಕು ಎನ್ನುವಾಗ ಅದು ಎಲ್ಲರ ಒಳ್ಳೆಯದಕ್ಕೇ ಎಂದು ನಾವು ಗ್ರಹಿಸಿರುತ್ತೇವೆ. ನಾನೂ ಹಾಗೇ ಗ್ರಹಿಸಿದ್ದೆ, ಸ್ಯಾನ್ ಫ್ರಾನ್ಸಿಸ್ಕೋದ ಕತೆ ಓದುವವರೆಗೆ. 1906ರ ಏಪ್ರಿಲ್ 18ರಂದು ಅಲ್ಲಿ ಭೂಕಂಪವಾಗಿ, ಹಿಂದೆಯೇ ಬೆಂಕಿ ಎದ್ದು, ನಗರದ ದಾಖಲೆಗಳ ಬಹುಪಾಲು ನಾಶವಾಯಿತು. ಭೂಮಿ ಇದ್ದವರಿಗೆ ಷಿಕಾಗೋದ ಪಾಡೇ ಬಂತು. ಕ್ಯಾಲಿಫೋರ್ನಿಯಾ ಅವರಿಗಾಗಿ ಅದೇ ವರ್ಷ ಕಾನೂನು ತಂದಿತು. ಆದರೆ ಸುಟ್ಟವುಗಳಲ್ಲಿ ಜನನ ದಾಖಲೆಗಳೂ ಇದ್ದವು. ಅಲ್ಲಿನ ಚೀನೀ ಕೂಲಿಗಳು 1882ರ ಕಾನೂನಿನ ಕೆಳಗೆ ಬದುಕುತ್ತಿದ್ದವರು. ಅವರ ದೇಶದ ಕೂಲಿಗಳು ಹೊಸದಾಗಿ ಬರುವಂತಿರಲಿಲ್ಲ, ಬಂದವರು ಪೌರರಾಗುವಂತಿರಲಿಲ್ಲ. ಅಮೆರಿಕದ ನೆಲದಲ್ಲಿ ಹುಟ್ಟಿದವರಿಗೆ ಮಾತ್ರ ಪೌರತ್ವವಿತ್ತು. ಈಗ ಒಬ್ಬ ಬಟ್ಟೆ ಒಗೆಯುವವನು, ನಾನು ಇದೇ ಊರಿನಲ್ಲಿ ಹುಟ್ಟಿದವನು, ನನ್ನ ದಾಖಲೆ ಸುಟ್ಟುಹೋಯಿತು ಎಂದರೆ ಅಲ್ಲವೆಂದು ತೋರಿಸಲು ಸರ್ಕಾರದ ಬಳಿ ಕಾಗದವಿರಲಿಲ್ಲ.

ಹಾಗೆ ಪೌರನಾದವನು ಚೀನಾಕ್ಕೆ ಹೋಗಿಬಂದು, ಅಲ್ಲಿ ನನಗೊಬ್ಬ ಮಗ ಹುಟ್ಟಿದ್ದಾನೆ ಎಂದು ಬರೆಸುತ್ತಿದ್ದ. ಮಗನಿಗೂ ಪೌರತ್ವ. ಮಗ ಹುಟ್ಟಿರದಿದ್ದರೆ ಆ ಜಾಗವನ್ನು ಬೇರೆಯವರ ಹುಡುಗನಿಗೆ ಮಾರಬಹುದು. ಇಂಥವರಿಗೆ ಕಾಗದದ ಮಕ್ಕಳು ಎಂದೇ ಹೆಸರಾಯಿತು. 1910ರಿಂದ ಏಂಜಲ್ ದ್ವೀಪದ ವಲಸೆ ಠಾಣೆಯಲ್ಲಿ ಅಧಿಕಾರಿಗಳು ಅವರನ್ನು ಗಂಟೆಗಟ್ಟಲೆ ಪ್ರಶ್ನಿಸುತ್ತಿದ್ದರು. ನಿಮ್ಮ ಮನೆಗೆ ಎಷ್ಟು ಮೆಟ್ಟಿಲು, ಪಕ್ಕದ ಮನೆಯಲ್ಲಿ ಯಾರಿದ್ದಾರೆ, ಬಾವಿ ಯಾವ ಕಡೆಗಿದೆ. ತಂದೆ ಎನಿಸಿಕೊಂಡವನನ್ನೂ ಬೇರೆಯಾಗಿ ಕೂರಿಸಿ ಅದನ್ನೇ ಕೇಳಿ ತಾಳೆ ನೋಡುತ್ತಿದ್ದರು.

ಅದಕ್ಕಾಗಿ ಹುಡುಗರಿಗೆ ಊರಿನಲ್ಲೇ ಒಂದು ಕೈಬರಹದ ಪುಸ್ತಕ ಕೊಟ್ಟು ಕಳಿಸುತ್ತಿದ್ದರು. ಪ್ರಶ್ನೆ, ಉತ್ತರ, ಹಳ್ಳಿಯ ನಕ್ಷೆ, ತಮ್ಮವರಲ್ಲದ ಅಜ್ಜ ಅಜ್ಜಿಯರ ಹೆಸರು. ಹಡಗಿನಲ್ಲಿ ವಾರಗಟ್ಟಲೆ ಅದನ್ನು ಬಾಯಿಪಾಠ ಮಾಡಿ, ದಡ ಹತ್ತಿರವಾದಾಗ ಹರಿದು ಸಮುದ್ರಕ್ಕೆ ಎಸೆಯುತ್ತಿದ್ದರು.