ಕಪಿಲೆಯ ರಾಟೆಯಿಂದ ಕಾರಿನ ಪುಲ್ಲಿಗೆ



ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬತ್ತಿಹೋದ ತೆರೆದ ಬಾವಿಗಳನ್ನು ನೀವು ಕಂಡಿರಬಹುದು. ಪಂಪ್‌ಸೆಟ್ಟುಗಳು ಬರುವ ಮುನ್ನ ಇಂಥ ಬಾವಿಗಳಿಂದ ನೀರೆತ್ತುತ್ತಿದ್ದುದು ಕಪಿಲೆ. ಎತ್ತುಗಳು ಇಳಿಜಾರಿನಲ್ಲಿ ನಡೆದಂತೆ, ರಾಟೆಯ ಮೇಲೆ ಹಾದ ಹಗ್ಗ ನೀರು ತುಂಬಿದ ಚರ್ಮದ ಚೀಲವನ್ನು ಮೇಲಕ್ಕೆ ಎಳೆಯುತ್ತಿತ್ತು. ಆ ರಾಟೆ ಬಲವನ್ನೇನೂ ಹೆಚ್ಚಿಸುತ್ತಿರಲಿಲ್ಲ. ಎಳೆತದ ದಿಕ್ಕನ್ನು ಬದಲಿಸುತ್ತಿತ್ತು, ಅಷ್ಟೆ. ದುಡಿತವೆಲ್ಲ ಎತ್ತುಗಳದು.

ರಾಟೆಯ ಗಾತ್ರ ಪ್ರಾಣದ ಪ್ರಶ್ನೆಯಾದದ್ದು ಕೋಲಾರದ ಚಿನ್ನದ ಗಣಿಗಳಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ವಿದ್ಯುತ್ತನ್ನು ತಂದದ್ದು ಈ ಗಣಿಗಳಿಗಾಗಿಯೇ. ಚಾಂಪಿಯನ್ ರೀಫ್ ಗಣಿಯ ಆಳ 3 ಕಿ.ಮೀ. ದಾಟಿತ್ತು. ಗಣಿಬಾಯಿಯ ಮೇಲಿನ ಗಾಲಿಗಳನ್ನು ದೊಡ್ಡದಾಗಿ ಮಾಡಿದ್ದು ಅಂದಕ್ಕಲ್ಲ. ಚಿಕ್ಕ ಗಾಲಿಯ ಮೇಲೆ ಉಕ್ಕಿನ ಹಗ್ಗ ಹೆಚ್ಚು ಬಾಗುತ್ತದೆ. ಬಾಗಿ ಬಾಗಿ ಎಳೆಗಳು ಬೇಗ ಸವೆದು ತುಂಡಾಗುತ್ತವೆ. ಪಂಜರದಲ್ಲಿ ಇಳಿಯುವವರ ಜೀವ ಆ ಎಳೆಗಳ ಮೇಲಿತ್ತು. 2001ರಲ್ಲಿ ಗಣಿಗಳು ಮುಚ್ಚಿದವು. ಗಾಲಿಯ ಲೆಕ್ಕ ಮಾತ್ರ ಹಳತಾಗಿಲ್ಲ.

ನಿಮ್ಮಲ್ಲಿ ಕೆಲವರಿಗೆ, ಅಥವಾ ನಿಮ್ಮ ಅಣ್ಣಂದಿರಿಗೆ, ಸ್ಪೋರ್ಟ್ಸ್ ಕಾರಿನ ಮೋಹ ಇದ್ದೀತು. ಎಂಜಿನ್ನಿನ ಮುಂತುದಿಯ ಪುಲ್ಲಿ, ಬೆಲ್ಟಿನ ಮೂಲಕ ಆಲ್ಟರ್ನೇಟರ್ ಮತ್ತು ಏರ್ ಕಂಡಿಷನರ್‌ಗಳನ್ನೂ, ಅನೇಕ ಕಾರುಗಳಲ್ಲಿ ನೀರಿನ ಪಂಪನ್ನೂ ತಿರುಗಿಸುತ್ತದೆ. ಅದರ ಬದಲಿಗೆ ಚಿಕ್ಕದನ್ನು ಹಾಕಿದರೆ ಅದೇ ಅಂಡರ್‌ಡ್ರೈವ್ ಪುಲ್ಲಿ. ಉಪಕರಣಗಳು ನಿಧಾನವಾಗಿ ತಿರುಗುತ್ತವೆ, ಉಳಿದ ಅಲ್ಪ ಶಕ್ತಿ ಚಕ್ರಗಳಿಗೆ ಹೋಗುತ್ತದೆ. ಕೇಳಲು ಚೆನ್ನಾಗಿದೆ.

ಈಗ ಲೆಕ್ಕ ಹಾಕಿ. ಎಂಜಿನ್ ಪುಲ್ಲಿ 6 ಅಂಗುಲ, ಆಲ್ಟರ್ನೇಟರಿನದು 2 ಅಂಗುಲ ಎಂದುಕೊಳ್ಳೋಣ. ಕಾರು ನಿಂತಲ್ಲೇ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗಿದರೆ ಆಲ್ಟರ್ನೇಟರ್ 2,400 ಸುತ್ತು ತಿರುಗುತ್ತದೆ. 4.5 ಅಂಗುಲದ ಪುಲ್ಲಿ ಹಾಕಿದರೆ 1,800 ಮಾತ್ರ. ಏಪ್ರಿಲ್ ಬಿಸಿಲಿನಲ್ಲಿ ಮಾಲೂರು ಪೇಟೆಯ ವಾಹನಗಳ ನಡುವೆ ಸಿಕ್ಕಿಕೊಂಡಾಗ ಬ್ಯಾಟರಿ ಸೊರಗುತ್ತದೆ, ನೀರಿನ ಪಂಪೂ ನಿಧಾನವಾಗಿ ಎಂಜಿನ್ ಕಾಯುತ್ತದೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಎಷ್ಟೋ ಎಂಜಿನ್ನುಗಳಲ್ಲಿ ಮೂಲ ಪುಲ್ಲಿಯೊಳಗೆ ರಬ್ಬರು ಕೂಡಿಸಿ, ಕ್ರ್ಯಾಂಕ್ ದಂಡದ ಕಂಪನ ತಗ್ಗಿಸುವ ಏರ್ಪಾಡು ಇರುತ್ತದೆ. ಅದಿಲ್ಲದ ಹಗುರ ಪುಲ್ಲಿ ಹಾಕಿದರೆ ಕಾಲಕ್ರಮೇಣ ದಂಡವೇ ಬಿರುಕು ಬಿಡಬಹುದು.

ಟ್ರ್ಯಾಕಿನಲ್ಲಿ ಕೆಲವೇ ನಿಮಿಷ ಓಡಿಸುವ ಕಾರಿಗೆ ಇದು ಹೊಂದೀತು, ಕಂಪನ ತಡೆಯುವ ಭಾಗ ಉಳಿದಿದ್ದರೆ. ನಿತ್ಯ ಕೋಲಾರದಿಂದ ಬೆಂಗಳೂರಿಗೆ ಹೋಗಿ ಬರುವ ಕಾರಿಗೆ ಬೇಡವೆಂದೇ ನನ್ನ ಅಭಿಪ್ರಾಯ. ಯಾರಾದರೂ ಈಗಾಗಲೇ ಹಾಕಿಸಿದ್ದರೆ, ರಾತ್ರಿ ಕಾರನ್ನು ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ದೀಪಗಳನ್ನೂ ಏರ್ ಕಂಡಿಷನರನ್ನೂ ಹಾಕಿ, ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. ಅದು 13ಕ್ಕಿಂತ ಕೆಳಗೆ ಇಳಿದು ಅಲ್ಲೇ ನಿಂತರೆ ಹಳೆಯ ಪುಲ್ಲಿಯನ್ನು ಮರಳಿ ಹಾಕಿಸಿ.