ಕೋಪನ್‌ಹೇಗನ್ನಿನ ಸ್ವತಂತ್ರಪುರಿಯೂ ಅದರ ಪ್ರೇಕ್ಷಕರೂ

ದೇಶಾಟನವು ಜ್ಞಾನಕ್ಕೆ ಸಾಧನವೆಂದು ಪ್ರಾಜ್ಞರು ಹಿಂದಿನಿಂದಲೂ ಹೇಳುತ್ತ ಬಂದಿರುವರು. ನೋಡಹೋದವನಿಗೆ ಲಾಭವುಂಟೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವನು ನೋಡಿಬಂದ ಸ್ಥಳಕ್ಕೆ ಏನಾಯಿತೆಂಬುದನ್ನು ವಿಚಾರಿಸಿದವರು ವಿರಳ. ಯುರೋಪು ಖಂಡದ ಮಹಾನಗರಗಳಲ್ಲಿರುವ ಅರಮನೆಗಳೂ ಚಿತ್ರಶಾಲೆಗಳೂ ಪರದೇಶಿಗಳ ದೃಷ್ಟಿಯಿಂದ ಸವೆಯತಕ್ಕವುಗಳಲ್ಲ. ಆದರೆ ಅವೇ ನಗರಗಳಲ್ಲಿ, ಸಮಾಜದ ರೂಢಿಯನ್ನೊಲ್ಲದೆ ಬೇರೊಂದು ಬಗೆಯಲ್ಲಿ ಬಾಳಬೇಕೆಂದು ಹೊರಟವರ ಕೇರಿಗಳೂ ಉಂಟು. ಇಂತಹ ಬಾಳಿಗೆ ಈಗಿನ ವಿದ್ವಾಂಸರು ಪ್ರತಿಸಂಸ್ಕೃತಿಯೆಂಬ ಹೆಸರನ್ನಿಟ್ಟಿರುವರು. ಪೇಟೆಯ ವ್ಯವಹಾರವನ್ನು ತೊರೆದು ಹೋದವರ ಬಾಳೇ ಪೇಟೆಯ ಸರಕಾಗಿ ಪರಿಣಮಿಸಿದುದು ಈ ಕೇರಿಗಳ ಚರಿತ್ರೆಯ ಮುಖ್ಯವಾದ ವಿಷಯವು.

ಇದರ ಮೊದಲ ನಿದರ್ಶನವು ಪ್ಯಾರಿಸ್ ಪಟ್ಟಣದಲ್ಲಿ ದೊರೆಯುವುದು. ಅಲ್ಲಿಯ ಬಡ ಚಿತ್ರಗಾರರ ಮತ್ತು ಕವಿಗಳ ಬಾಳನ್ನು ಕುರಿತು ಆನ್ರಿ ಮ್ಯೂರ್ಜೆ ಎಂಬಾತನು 1845ರಿಂದ ಒಂದು ಪತ್ರಿಕೆಯಲ್ಲಿ ಕಥೆಗಳನ್ನು ಬರೆಯತೊಡಗಿದನು. ಅವು 1849ರಲ್ಲಿ ನಾಟಕವಾಗಿಯೂ, 1851ರಲ್ಲಿ ಗ್ರಂಥವಾಗಿಯೂ, 1896ರಲ್ಲಿ ಇಟಲಿಯ ಪುಚ್ಚೀನಿಯ ಗೀತನಾಟಕವಾಗಿಯೂ ಜನರ ಮುಂದೆ ಬಂದುವು. ಚಳಿಯಲ್ಲಿ ನಡುಗಿದವರ ದಾರಿದ್ರ್ಯವು ಹೀಗೆ ಬೆಚ್ಚನೆಯ ರಂಗಮಂದಿರಗಳಲ್ಲಿ ಕುಳಿತವರ ವಿನೋದವಾಯಿತು. ಮುಂದೆ ಮೊಂಮಾರ್ತ್ರ್ ಗುಡ್ಡವು ಕಲಾವಿದರ ನೆಲೆಯಾಯಿತು. ಪಿಕಾಸೋ 1904ರಲ್ಲಿ ಅಲ್ಲಿಯ ಒಂದು ಹಳೆಯ ಮರದ ಕಟ್ಟಡವನ್ನು ಸೇರಿದುದಕ್ಕೆ ಬಾಡಿಗೆಯ ಅಗ್ಗವೂ ಒಂದು ಕಾರಣವು. ಇಂದು ಅದೇ ಗುಡ್ಡದ ಚೌಕದಲ್ಲಿ ಚಿತ್ರಗಾರರು ಸಾಲಾಗಿ ಕುಳಿತು ಯಾತ್ರಿಕರ ಮುಖಗಳನ್ನೇ ಬರೆದು ಮಾರುತ್ತಿರುವರು.

ಎರಡನೆಯ ನಿದರ್ಶನವು ಹಾಲೆಂಡಿನ ಆಂಸ್ಟರ್‌ಡ್ಯಾಮ್ ನಗರದ್ದು. 1965ರಲ್ಲಿ ಅಲ್ಲಿ ಪ್ರೋವೊ ಎಂಬ ತರುಣರ ಕೂಟವೊಂದು ಹುಟ್ಟಿತು. ಬಿಳಿಯ ಬಣ್ಣ ಬಳಿದ ಸೈಕಲ್ಲುಗಳನ್ನು ಬೀಗವಿಲ್ಲದೆ ಬೀದಿಯಲ್ಲಿರಿಸಬೇಕು, ಬೇಕಾದವನು ಹತ್ತಿ ಹೋಗಿ ಮತ್ತೊಬ್ಬನಿಗಾಗಿ ಬಿಟ್ಟುಹೋಗಬೇಕು ಎಂಬುದು ಅವರ ಒಂದು ಯೋಜನೆ. ಸೈಕಲ್ಲಿಗೆ ಬೀಗ ಹಾಕದಿರುವುದು ಕಾನೂನಿಗೆ ವಿರುದ್ಧವೆಂದು ಪೋಲೀಸರು ಅವುಗಳನ್ನು ವಶಪಡಿಸಿಕೊಂಡರು. ಕೂಟವು 1967ರಲ್ಲಿ ತಾನಾಗಿಯೇ ವಿಸರ್ಜನೆಗೊಂಡಿತು. ಆದರೂ ಅದರ ಕೀರ್ತಿಯನ್ನು ಕೇಳಿದ ತರುಣರು ದೇಶದೇಶಗಳಿಂದ ಬಂದು ನಗರಮಧ್ಯದ ಸ್ಮಾರಕದ ಮೆಟ್ಟಿಲುಗಳ ಮೇಲೆ ಮಲಗತೊಡಗಿದರು. 1970ರ ಆಗಸ್ಟಿನಲ್ಲಿ ನೌಕಾಸೈನಿಕರೇ ಅವರನ್ನು ಬಲಾತ್ಕಾರದಿಂದ ಚದರಿಸಿದರು. ಅಲೆಮಾರಿ ಮಕ್ಕಳನ್ನು ನೋಡುವುದಕ್ಕೆಂದೇ ಬರುವ ಪ್ರವಾಸಿಗಳೂ ಆ ವೇಳೆಗೆ ಹುಟ್ಟಿಕೊಂಡಿದ್ದರು.

ಇವೆರಡಕ್ಕಿಂತಲೂ ದೀರ್ಘವಾದ ಕಥೆಯು ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್ನಿನದು. ನಾಲ್ಕನೆಯ ಕ್ರಿಶ್ಚಿಯನ್ ಎಂಬ ಅರಸನು ಹದಿನೇಳನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಕ್ರಿಶ್ಚಿಯನ್ಸ್‌ಹಾವ್ನ್ ಎಂಬ ಬಡಾವಣೆಯ ಅಂಚಿನಲ್ಲಿ, ಕೋಟೆಯ ಮಣ್ಣಿನ ದಿಬ್ಬಗಳಿಗೆ ಸೇರಿದಂತೆ, ಒಂದು ಸೈನ್ಯದ ಪಾಳೆಯವಿತ್ತು. ಸೈನ್ಯವು ಬಿಟ್ಟುಹೋದ ಮೇಲೆ ಸುಮಾರು 84 ಎಕರೆಗಳ ಆ ನೆಲವು ಬರಿದಾಗಿ ಬಿದ್ದಿತು. ನಗರದಲ್ಲಿ ಆಗ ಬಡವರಿಗೆ ಮನೆಗಳ ಅಭಾವವು ತೀವ್ರವಾಗಿತ್ತು. ನೆರೆಯವರು ತಮ್ಮ ಮಕ್ಕಳ ಆಟಕ್ಕಾಗಿ ಬೇಲಿಯನ್ನು ಮುರಿದು ಒಳಹೊಕ್ಕರು. ಅವರ ಹಿಂದೆ ಮನೆಯಿಲ್ಲದವರು ಬಂದರು. 1971ರ ಸೆಪ್ಟೆಂಬರ್ 26ರಂದು ಈ ಸ್ಥಳವು ಕ್ರಿಸ್ಟಿಯಾನಿಯಾ ಎಂಬ ಸ್ವತಂತ್ರಪುರಿಯೆಂದು ಘೋಷಿಸಲ್ಪಟ್ಟಿತು. ಯಾಕೋಬ್ ಲುಡ್ವಿಗ್‌ಸೆನ್ ಎಂಬ ಪತ್ರಿಕಾಕರ್ತನು, ನಗರದ ಬಸ್ಸನ್ನೇರಿ ಅಲ್ಲಿಗೆ ವಲಸೆ ಹೋಗಿರೆಂದು ತನ್ನ ಪತ್ರಿಕೆಯಲ್ಲಿ ಜನರನ್ನು ಕರೆದನು.

ಬಂದವರು ಸಾಮಾನ್ಯ ಜನರಲ್ಲ, ಸಾಧುಗಳೂ ಅಲ್ಲ. ಬಡಗಿಗಳು, ವಿದ್ಯಾರ್ಥಿಗಳು, ಗಾಯಕರು, ಮನೆಯಿಂದ ಓಡಿಬಂದವರು, ವ್ಯಸನಗಳಿಗೆ ತುತ್ತಾದವರು, ಎಲ್ಲರೂ ಕೂಡಿದ್ದರು. ನೆಲವು ಯಾರೊಬ್ಬರ ಸ್ವತ್ತೂ ಅಲ್ಲ, ಮನೆಯನ್ನು ಕೊಳ್ಳುವುದೂ ಮಾರುವುದೂ ಇಲ್ಲ, ಮೋಟಾರು ಗಾಡಿಗಳು ಒಳಬರಕೂಡದು, ಎಲ್ಲರೂ ಒಪ್ಪುವ ವರೆಗೆ ಸಭೆಯು ಯಾವುದನ್ನೂ ನಿಶ್ಚಯಿಸಕೂಡದು: ಇವು ಅವರ ಕಟ್ಟಳೆಗಳು. 1973ರಲ್ಲಿ ಸರಕಾರವು ಇದನ್ನು ಒಂದು ಸಾಮಾಜಿಕ ಪ್ರಯೋಗವೆಂದು ತಾತ್ಕಾಲಿಕವಾಗಿ ಅಂಗೀಕರಿಸಿತು. 1978ರಲ್ಲಿ ಉಚ್ಚತಮ ನ್ಯಾಯಾಲಯವು ಅವರಿಗೆ ವಿರುದ್ಧವಾಗಿ ತೀರ್ಪಿತ್ತಿತು. ಆದರೂ ಅವರನ್ನು ಹೊರಡಿಸಲು ಯಾವ ಸರಕಾರಕ್ಕೂ ಧೈರ್ಯವಾಗಲಿಲ್ಲ.

ಸ್ವಾತಂತ್ರ್ಯಕ್ಕೆ ಮೇರೆಯೆಲ್ಲಿ ಎಂಬ ಪ್ರಶ್ನೆಯು ಬೇಗನೆ ಎದುರಾಯಿತು. ಹೆರಾಯಿನ್ ಎಂಬ ಘೋರವಾದ ಮಾದಕದ್ರವ್ಯವು ಒಳನುಗ್ಗಿ ಹಲವರ ಪ್ರಾಣವನ್ನು ತೆಗೆಯಿತು. 1979ರ ಚಳಿಗಾಲದಲ್ಲಿ ನಿವಾಸಿಗಳೇ ಎದ್ದು ಮಾರುವವರನ್ನು ಹೊರಗಟ್ಟಿದರು; ವ್ಯಸನಿಗಳಿಗೆ, ಚಿಕಿತ್ಸೆಗೆ ಹೋಗಬೇಕು ಇಲ್ಲವೆ ಊರನ್ನು ಬಿಡಬೇಕು ಎಂದು ವಿಧಿಸಿದರು. ಆದರೆ ಗಾಂಜಾ ಜಾತಿಯ ಹಶೀಶಿನ ಮಾರಾಟವನ್ನು ಮಾತ್ರ ಅವರು ದೋಷವೆಂದೆಣಿಸಲಿಲ್ಲ. ದೇಶದ ಕಾನೂನು ಅದನ್ನು ನಿಷೇಧಿಸಿದ್ದರೂ ಪುಷರ್ ಸ್ಟ್ರೀಟ್ ಎಂಬ ಒಂದು ಬೀದಿಯಲ್ಲಿ ಅದರ ಅಂಗಡಿಗಳು ಬಹಿರಂಗವಾಗಿಯೇ ಸಾಲುಗಟ್ಟಿದುವು. ಮನೆಯ ಒಂದು ಬಾಗಿಲನ್ನು ಮುಚ್ಚಿದವರು ಮತ್ತೊಂದನ್ನು ತೆರೆದೇ ಇಟ್ಟಂತಾಯಿತು.

ಆ ತೆರೆದ ಬಾಗಿಲಿನಿಂದಲೇ ಪ್ರವಾಸಿಗಳೂ ಬಂದರು. ವರ್ಷಕ್ಕೆ ಲಕ್ಷಗಟ್ಟಲೆಯಾಗಿ ಬಂದು, ಸುಮಾರು ಸಾವಿರ ಜನರು ಬಾಳುವ ಊರನ್ನು ರಾಜಧಾನಿಯ ಪ್ರಸಿದ್ಧ ನೋಟಗಳಲ್ಲೊಂದನ್ನಾಗಿ ಮಾಡಿದರು. ಕೆರೆಯ ದಂಡೆಯಲ್ಲಿ ನಿವಾಸಿಗಳು ತಾವೇ ಕಟ್ಟಿಕೊಂಡ ವಿಚಿತ್ರಾಕಾರದ ಮನೆಗಳು, ಸೈನ್ಯದ ಹಳೆಯ ಸವಾರಿಯ ಶಾಲೆಯಲ್ಲಿ ನಡೆಯುವ ಸಂಗೀತ, ಅಲ್ಲಿಯ ಕಮ್ಮಾರನು 1984ರಲ್ಲಿ ಮಾಡಿದ, ಮುಂಭಾಗದಲ್ಲಿ ಪೆಟ್ಟಿಗೆಯುಳ್ಳ ಮೂರು ಗಾಲಿಯ ಸೈಕಲ್ಲು, ಇವೆಲ್ಲ ನೋಡತಕ್ಕವುಗಳೇ ಆಗಿದ್ದುವು. ಆದರೆ ಬಂದವರಲ್ಲಿ ಬಹುಮಂದಿಯು ಆ ಒಂದು ಬೀದಿಯನ್ನೇ ಹುಡುಕಿದರು. ಅಲ್ಲಿ ಛಾಯಾಚಿತ್ರ ತೆಗೆಯಕೂಡದೆಂಬ ಫಲಕಗಳಿದ್ದುವು. ನೋಡುವುದಕ್ಕೆಂದೇ ಬಂದವರಿಗೆ ನೋಟವನ್ನೇ ನಿರ್ಬಂಧಿಸಿದ ಬೀದಿಯು ಇನ್ನಷ್ಟು ಆಕರ್ಷಕವಾಯಿತು. ಕ್ರಮೇಣ ವ್ಯಾಪಾರವು ನಿವಾಸಿಗಳ ಕೈತಪ್ಪಿ ಹೊರಗಿನ ದುಷ್ಟಕೂಟಗಳ ವಶವಾಯಿತು.

ಇತ್ತ ನೆಲದ ಹಕ್ಕಿನ ವ್ಯಾಜ್ಯವು ಬಗೆಹರಿಯಿತು. 2011ರಲ್ಲಿ ನ್ಯಾಯಾಲಯವು ನೆಲದ ಹಕ್ಕು ಸರಕಾರದ್ದೇ ಎಂದಿತು. ಮರುವರ್ಷ ನಿವಾಸಿಗಳ ಒಂದು ಪ್ರತಿಷ್ಠಾನವು ಅದನ್ನು ಸರಕಾರದಿಂದ ಕ್ರಯಕ್ಕೆ ಪಡೆಯಿತು. ಇದಕ್ಕಾಗಿ ಅವರು ಹೊರಗಿನ ಜನರಿಗೂ ಸಾಂಕೇತಿಕವಾದ ಷೇರುಗಳನ್ನು ಮಾರಿದರು. ಅವುಗಳಿಂದ ಲಾಭವಾಗಲಿ ಅಧಿಕಾರವಾಗಲಿ ಬರುತ್ತಿರಲಿಲ್ಲ. ಆದರೂ ಜನರು ಕೊಂಡರು. ಸ್ವತ್ತೆಂಬುದೇ ಬೇಡವೆಂದವರು ಸ್ವತ್ತಿನ ಕಾಗದಕ್ಕೆ ರುಜು ಹಾಕಿದರೆಂದು ಕೆಲವರು ನಕ್ಕರು. ಮನೆಯಲ್ಲಿ ಬೆಳೆದ ಮಕ್ಕಳಿರುವವನು ಆ ನಗೆಗೆ ಬಹಳ ಬೆಲೆಯನ್ನು ಕೊಡಲಾರನು.

ಬೀದಿಯ ಪಾಪವು ಮಾತ್ರ ಬೆಳೆಯುತ್ತಲೇ ಹೋಯಿತು. 2016ರಲ್ಲಿ ಅಲ್ಲಿ ಗುಂಡೇಟಿನಿಂದ ಪೋಲೀಸರು ಗಾಯಗೊಂಡರು; ನಿವಾಸಿಗಳು ಅಂಗಡಿಗಳನ್ನು ಕಿತ್ತೆಸೆದರೂ ಅವು ತಿರುಗಿ ಹುಟ್ಟಿದುವು. 2023ರ ಆಗಸ್ಟಿನಲ್ಲಿ ಒಬ್ಬನು ಗುಂಡಿಗೆ ಬಲಿಯಾದನು, ನಾಲ್ವರು ಗಾಯಗೊಂಡರು. ಆಗ ಊರಿನವರು ಇನ್ನು ಸಾಕೆಂದರು. 2024ರ ಏಪ್ರಿಲ್ 6ರಂದು ಅವರು ಹಾರೆ ಹಿಡಿದು ಆ ಬೀದಿಗೆ ಹಾಸಿದ್ದ ಕಲ್ಲುಗಳನ್ನೇ ಅಗೆದು ತೆಗೆದರು. ಅಂಗಡಿಯನ್ನು ಕಿತ್ತರೆ ಮರಳಿ ಬರುವುದು. ಬೀದಿಯೇ ಇಲ್ಲವಾದರೆ ಅಂಗಡಿಗೆ ನೆಲೆಯೆಲ್ಲಿ ಎಂಬುದು ಅವರ ತರ್ಕವು.

ಬರ್ಲಿನ್ನಿನಲ್ಲಿ ಕಥೆಯು ಬೇರೆ ರೀತಿಯಲ್ಲಿ ಮುಗಿಯಿತು. 1990ರಲ್ಲಿ ಕಲಾವಿದರು ಹಿಡಿದುಕೊಂಡ ಟಾಖೆಲೆಸ್ ಎಂಬ ಹಳೆಯ ಕಟ್ಟಡವು ಪ್ರವಾಸಿಗಳಿಂದ ತುಂಬಿ ಪ್ರಸಿದ್ಧವಾಯಿತು. 2012ರಲ್ಲಿ ಅವರನ್ನು ಹೊರಡಿಸಲಾಯಿತು. ಈಗ ಅದು ಛಾಯಾಚಿತ್ರಗಳ ಪ್ರದರ್ಶನಶಾಲೆಯು. ಕಲಾವಿದರು ಗೋಡೆಗಳ ಮೇಲೆ ಬಿಟ್ಟ ಬರಹಗಳನ್ನು ಜೋಪಾನವಾಗಿ ಉಳಿಸಿರುವರು. ಬರೆದವರು ಮಾತ್ರ ಅಲ್ಲಿಲ್ಲ. ಕ್ರಿಸ್ಟಿಯಾನಿಯಾದಲ್ಲಿ ಇದಕ್ಕೆ ವಿಪರೀತವಾಗಿ, ನೋಟವೇ ಹೋಗಿ ಜನರು ಉಳಿದರು. ಪ್ರೇಕ್ಷಕರನ್ನು ಕರೆತಂದ ಬೀದಿಯನ್ನು ತ್ಯಜಿಸಿ, ತಮ್ಮ ಮಕ್ಕಳು ಆಡತಕ್ಕ ನೆಲವನ್ನು ಅವರು ಆರಿಸಿಕೊಂಡರು. ಮೊದಲು ಬೇಲಿ ಮುರಿದವರು ಬಯಸಿದ್ದುದೂ ಅದೇ ಆಗಿತ್ತು.

ಕಲ್ಲುಗಳನ್ನು ಅಗೆದ ದಿನ, ಬಂದವರು ಒಂದೊಂದನ್ನು ಸ್ಮರಣೆಗಾಗಿ ಮನೆಗೆ ಕೊಂಡೊಯ್ಯಬಹುದೆಂದು ಊರಿನವರು ಹೇಳಿದ್ದರು. ನೆರೆದ ಜನರು ಆ ಭಾರವಾದ ಕಲ್ಲುಗಳನ್ನು ಹೊತ್ತುಕೊಂಡು ಹೋದರು.